ಎಲ್ಲರ ಕೈಗೂ ಎಟುಕುವ ಮಣ್ಣು

ಮೈಸೂರಿನ ಬಡಾವಣೆಗಳಲ್ಲಿ ಪಾರ್ಕುಗಳಿಗೆ ಬರವಿಲ್ಲ. ಕುವೆಂಪುನಗರ, ರಾಮಕೃಷ್ಣನಗರ, ವಿಜಯನಗರ, ಎತ್ತ ಹೋದರೂ ನಾಲ್ಕು ರಸ್ತೆ ದಾಟುವಷ್ಟರಲ್ಲಿ ಒಂದು ಸಿಗುತ್ತದೆ. ಆದರೆ ಅವುಗಳ ಗೇಟಿನ ಮುಂದೆ ಒಂದು ವೀಲ್‌ಚೇರ್ ತಂದು ನಿಲ್ಲಿಸಿ ನೋಡಿ. ದನ ನುಗ್ಗದಿರಲಿ, ಸ್ಕೂಟರ್ ಬಾರದಿರಲಿ ಅಂತ ಹಾಕಿದ ಕಂಬಿಗಳ ನಡುವೆ ಅದು ಎಷ್ಟೋ ಕಡೆ ತೂರುವುದೇ ಇಲ್ಲ. ಹೇಗೋ ಒಳಗೆ ಹೋದರೂ ಬೇರು ಎತ್ತಿದ ಟೈಲ್ಸು, ಒರಗಲು ಬೆನ್ನಿಲ್ಲದ ಕಲ್ಲುಬೆಂಚು. ಇಂಥ ಪಾರ್ಕಿನ ಒಂದು ಬದಿಯಲ್ಲಿ ಎರಡು 40×60 ಸೈಟಿನಷ್ಟು ಜಾಗ ಬಿಟ್ಟುಕೊಟ್ಟರೆ, ಸುತ್ತಲಿನ ಮನೆಗಳವರೆಲ್ಲ ಸೇರಿ ಬೆಳೆಯುವ, ಬಂದವರ ದಣಿವು ಕಳೆಯುವ ಒಂದು ಕೈತೋಟವನ್ನು ಹೇಗೆ ಕಟ್ಟಬೇಕು ಎಂಬುದು ಈ ಬರಹದ ವಿಷಯ.

ಅಳತೆಗೋಲು ಒಂದೇ. ಮಂಡಿ ನೋವಿನ ಅಜ್ಜಿ, ವೀಲ್‌ಚೇರಿನಲ್ಲಿ ಓಡಾಡುವ ಹುಡುಗ, ಕಣ್ಣು ಕಾಣದವರು, ಯಾರೇ ಆಗಲಿ ಇನ್ನೊಬ್ಬರ ಕೈ ಹಿಡಿಯದೆ ಒಳಗೆ ಬಂದು, ಒಂದು ಹಿಡಿ ಸೊಪ್ಪು ಕಿತ್ತು, ಒಂದಷ್ಟು ಹೊತ್ತು ಕೂತು, ತಾವಾಗಿಯೇ ಎದ್ದು ಹೊರಡುವಂತಿರಬೇಕು. ಎಲ್ಲರೂ ಬರುವಂತೆ ಮಾಡುವುದು ಒಂದು ಕೆಲಸ, ಮನಸ್ಸಿಗೆ ನೆಮ್ಮದಿ ಕೊಡುವುದು ಇನ್ನೊಂದು ಕೆಲಸ ಅಂತ ಬೇರೆ ಮಾಡಿದರೆ ಎರಡೂ ಕೆಡುತ್ತವೆ. ಎಲ್ಲಿ ಜಾರುತ್ತದೋ ಅಂತ ನೆಲ ನೋಡಿಕೊಂಡೇ ಹೆಜ್ಜೆಯಿಡುವವರಿಗೆ ತಲೆಯ ಮೇಲೆ ಸಂಪಿಗೆ ಅರಳಿದ್ದರೂ ಕಾಣುವುದಿಲ್ಲ.

ಮೊದಲು ಕಾಗದದ ಕೆಲಸ. ಪಾರ್ಕಿನ ಜಾಗ ಪಾಲಿಕೆಯದೋ ಪ್ರಾಧಿಕಾರದ್ದೋ ಆಗಿರುತ್ತದೆ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರ ಕಾಯ್ದೆಯೇ ಇದೆ, ಹಾಗಾಗಿ ನಿವಾಸಿಗಳ ಸಂಘದ ಬಾಯಿಮಾತಿನ ಒಪ್ಪಿಗೆ ನಂಬಿ ಸಿಮೆಂಟು ತರಿಸಬೇಡಿ, ಲಿಖಿತ ಅನುಮತಿ ತೆಗೆದುಕೊಳ್ಳಿ. ಅರ್ಜಿಯಲ್ಲಿ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯನ್ನೂ, ಎಲ್ಲರಿಗೂ ಸುಗಮವಾದ ಕಟ್ಟಡ ಮತ್ತು ಬಯಲು ಜಾಗಗಳ ಬಗ್ಗೆ ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾರ್ಗಸೂಚಿಯನ್ನೂ ಹೆಸರಿಸಿ. ಕೇಳುತ್ತಿರುವುದು ದಯೆಯಲ್ಲ ಎಂಬುದು ಕಡತದಲ್ಲೇ ದಾಖಲಾಗಲಿ.

ನೆಲದ ಇಳಿಜಾರು ಕಣ್ಣಿಗೆ ಮೋಸ ಮಾಡುತ್ತದೆ. ಸಮತಟ್ಟು ಅಂತ ಕಾಣುವ ಜಾಗದಲ್ಲೂ 80 ಅಡಿಗೆ ಎರಡು ಅಡಿ ಇಳಿತ ಇರಬಹುದು. ಮೇಸ್ತ್ರಿಗಳು ಬಳಸುವ ನೀರಿನ ಟ್ಯೂಬ್ ಲೆವಲ್ ಸಾಕು. 30 ಅಡಿ ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಉಳಿಯದಂತೆ ನೀರು ತುಂಬಿ, ಗೇಟಿನ ಹೊಸ್ತಿಲನ್ನೇ ಸೊನ್ನೆ ಅಂತ ಹಿಡಿದು, ಹತ್ತು ಹತ್ತು ಅಡಿಗೆ ಗೂಟ ನೆಟ್ಟು ಗುರುತು ಹಾಕುತ್ತ ಹೋಗಿ. ಹಾದಿಯ ಇಳಿಜಾರು 20 ಅಡಿಗೆ ಒಂದು ಅಡಿ ಮೀರಬಾರದು. ತೀರಾ ಜಾಗವಿಲ್ಲದ ಕಡೆ ರ‍್ಯಾಂಪ್ ಕಟ್ಟುವುದಾದರೆ 12 ಅಡಿಗೆ ಒಂದು ಅಡಿ ಕೊನೆಯ ಮಿತಿ, ಅಲ್ಲಿ ಎರಡೂ ಕಡೆ ಹಿಡಿಕಂಬಿ ಬೇಕು. ಮಿತಿ ಅಂದರೆ ಗುರಿಯಲ್ಲ. ತನ್ನ ಕೈಯಿಂದಲೇ ಚಕ್ರ ತಳ್ಳಿಕೊಂಡು ಬರುವವರಿಗೆ ಆ ಏರು ನಿಜಕ್ಕೂ ಕಷ್ಟ.

ಗೇಟಿನ ಹತ್ತಿರ ಇನ್ನೊಂದು ತೊಡಕಿದೆ. ರಸ್ತೆಗೆ ಮೇಲಿಂದ ಮೇಲೆ ಟಾರು ಹಾಕಿ ಹಾಕಿ ಪಾರ್ಕಿನ ಹೊಸ್ತಿಲು ಮತ್ತು ರಸ್ತೆಯ ನಡುವೆ ಅರ್ಧ ಅಡಿ ವ್ಯತ್ಯಾಸ ಬಂದಿರುತ್ತದೆ. ಆರು ಇಂಚಿಗೆ 10 ಅಡಿ ಉದ್ದದ ಇಳಿಜಾರು ಮಾಡಿ, ಗೇಟಿನ ಮುಂದೆ 5×5 ಅಡಿ ಮಟ್ಟಸ ಜಾಗ ಬಿಡಿ. ಅದಿಲ್ಲದಿದ್ದರೆ ಒಂದು ಕೈಯಲ್ಲಿ ಚಿಲಕ ತೆಗೆಯುವಾಗ ವೀಲ್‌ಚೇರ್ ಹಿಂದಕ್ಕೆ ಉರುಳುತ್ತದೆ. ಗೇಟು ತೆರೆದಾಗ 3 ಅಡಿ ಪೂರ್ತಿ ಸಿಗಬೇಕು. ಚಿಲಕ 3 ಅಡಿ ಎತ್ತರದಲ್ಲಿ, ಮುಷ್ಟಿಯಿಂದ ಒತ್ತಿದರೂ ತೆರೆಯುವಂಥದ್ದು. ದನಕ್ಕೆ ಅಂತ ನೆಲದಲ್ಲಿ ಕಂಬಿಗಳ ಜಾಲರಿ ಹಾಕುವ ಯೋಚನೆ ಬೇಡ, ಚಕ್ರವೂ ಊರುಗೋಲೂ ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಗೇಟು ಹಾಕಿದರೆ ದನದ ಸಮಸ್ಯೆ ಮುಗಿಯಿತು. ಸ್ಕೂಟರನ್ನು ಮಾತ್ರ ಅಳತೆಯಿಂದ ತಡೆಯಲಾಗುವುದಿಲ್ಲ. ವೀಲ್‌ಚೇರ್ ಹೋಗುವ ಕಡೆ ಸ್ಕೂಟರೂ ಹೋಗುತ್ತದೆ. ಒಂದಿಬ್ಬರು ಸ್ಕೂಟರಿನವರಿಗೆ ಹೆದರಿ ವೀಲ್‌ಚೇರಿನವರನ್ನೆಲ್ಲ ಹೊರಗಿಡುವುದು ಅನ್ಯಾಯ. ಅದನ್ನು ಬಾಯಿಮಾತಿನಲ್ಲೇ ಬಗೆಹರಿಸಬೇಕು.

ಹಾದಿ ಒಂದು ಸುತ್ತಾಗಿ ಬಂದು ಗೇಟಿಗೇ ಸೇರಬೇಕು. ಮರೆವಿನ ಕಾಯಿಲೆ ಇರುವವರು ಹಾದಿ ಕೊನೆಗೊಂಡ ಕಡೆ ದಿಕ್ಕು ತೋಚದೆ ನಿಂತುಬಿಡುತ್ತಾರೆ. ಸುತ್ತು ಹಾದಿಯಾದರೆ ನಡೆದಷ್ಟೂ ನಡೆಯಬಹುದು. ಅಗಲ 5 ಅಡಿ ಇದ್ದರೆ ಒಂದು ವೀಲ್‌ಚೇರ್ ಪೂರ್ತಿ ತಿರುಗುತ್ತದೆ, ಎರಡು ಎದುರಾಗುವ ಒಂದೆರಡು ಜಾಗದಲ್ಲಿ 6 ಅಡಿ ಮಾಡಿ. ಮೇಲ್ಮೈಗೆ ಏನು ಹಾಕಬೇಕು ಎಂಬುದರಲ್ಲಿ ನಮ್ಮ ಅಭಿಪ್ರಾಯ ಖಚಿತ: ಪೊರಕೆ ಎಳೆದ ಕಾಂಕ್ರೀಟ್. ಜಲ್ಲಿಪುಡಿ ಮೊದಲ ಮಳೆಗೇ ಕೊರೆದು ಹೋಗುತ್ತದೆ. ಕಡಪ ಕಲ್ಲು ಸವೆದಷ್ಟೂ ನುಣುಪಾಗಿ ಜಾರುತ್ತದೆ, ಅದರ ಕಪ್ಪು ಬಣ್ಣ ಮರೆವಿನವರ ಕಣ್ಣಿಗೆ ಗುಂಡಿಯಂತೆ ಕಾಣಬಹುದು. ಇಂಟರ್‌ಲಾಕ್ ಟೈಲ್ಸು ಹೊಸದರಲ್ಲಿ ಚೆಂದ, ಆದರೆ ತಳ ಕುಸಿದು ಒಂದು ಟೈಲ್ ಕಾಲು ಇಂಚಿಗಿಂತ ಹೆಚ್ಚು ಎದ್ದರೂ ವೀಲ್‌ಚೇರಿನ ಮುಂದಿನ ಪುಟ್ಟ ಚಕ್ರ ಅಲ್ಲೇ ತಡೆದು ಮುಗ್ಗರಿಸುತ್ತದೆ.

200 ಅಡಿ ಉದ್ದ, 5 ಅಡಿ ಅಗಲ, 4 ಇಂಚು ದಪ್ಪ ಅಂದರೆ ಸುಮಾರು 333 ಘನ ಅಡಿ ಕಾಂಕ್ರೀಟು. 1:1½:3 ಮಿಶ್ರಣಕ್ಕೆ ಹತ್ತಿರ ಹತ್ತಿರ 76 ಚೀಲ ಸಿಮೆಂಟು, 140 ಘನ ಅಡಿ ಎಂ-ಸ್ಯಾಂಡು, 280 ಘನ ಅಡಿ 20 ಎಂಎಂ ಜಲ್ಲಿ ಬೇಕು. ಮೈಸೂರಿನ ಕೆಂಪು ಮಣ್ಣಾದರೆ ಮೇಲ್ಮಣ್ಣು ತೆಗೆದು ದಮ್ಮಸ್ಸು ಹೊಡೆದು 4 ಇಂಚು 40 ಎಂಎಂ ಜಲ್ಲಿ ಹಾಸಿದರೆ ಸಾಕು. ಮಂಡ್ಯ ಕಡೆ ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಬಯಲಿನ ಗದ್ದೆಗಳ ಮೇಲೆ ಎದ್ದ ಬಡಾವಣೆಗಳಲ್ಲಿ ಹಾಗಲ್ಲ. ಅಲ್ಲಿ ಜೇಡಿ ನೆಲ ನೀರು ಕುಡಿದು ಉಬ್ಬಿ, ಒಣಗಿದಾಗ ಬಿರಿಯುತ್ತದೆ. ತಳದ ಜಲ್ಲಿಯನ್ನು 8 ಇಂಚಿಗೆ ಏರಿಸಿ, ಹಾದಿಯನ್ನು ಸುತ್ತಲಿನ ನೆಲಕ್ಕಿಂತ ಮೂರು ಇಂಚು ಎತ್ತರ ಇಡಿ.

ಆರು ಆರು ಅಡಿಗೆ ಒಂದು ಇಂಚು ಆಳದ ಗೀರು ಕೊಟ್ಟರೆ ಬಿರುಕು ಆ ಗೀರಿನಲ್ಲೇ ಬೀಳುತ್ತದೆ. ಗೀರಿನ ಅಗಲ ಕಾಲು ಇಂಚಿಗಿಂತ ಕಡಿಮೆ ಇರಲಿ. ಅಡ್ಡಲಾಗಿ, ನಾಲ್ಕು ಅಡಿಗೆ ಒಂದು ಇಂಚಿನಂತೆ ಒಂದೇ ಕಡೆಗೆ ಓಲಿಸಿ, ನೀರು ನಿಲ್ಲುವುದಿಲ್ಲ. ಅದಕ್ಕಿಂತ ಹೆಚ್ಚು ಓಲಿಸಿದರೆ ವೀಲ್‌ಚೇರ್ ತಾನೇ ಅತ್ತ ಎಳೆಯುತ್ತದೆ. ಮೇಲಿನ ನೀರು ಇಂಗಿದ ಮೇಲೆ, ಬೆರಳಿಟ್ಟರೆ ಗುರುತು ಬಿದ್ದು ಅಂಟದ ಹದದಲ್ಲಿ, ತೆಂಗಿನ ಕಡ್ಡಿ ಪೊರಕೆಯನ್ನು ಹಾದಿಗೆ ಅಡ್ಡಲಾಗಿ ಒಂದೇ ಸಲ ಎಳೆಯಬೇಕು. ಮೇಸ್ತ್ರಿಗೆ ಇದನ್ನು ಮೊದಲೇ ಎರಡು ಸಲ ಹೇಳಿರಿ. ಕರಣೆಯಲ್ಲಿ ನುಣ್ಣಗೆ ತಿಕ್ಕಿ ಸಿಮೆಂಟಿನ ತಿಳಿ ಬಿಡುವುದೇ ಒಳ್ಳೆಯ ಕೆಲಸ ಅಂತ ಕೈ ರೂಢಿಯಾಗಿರುತ್ತದೆ, ಮಳೆಗಾಲದಲ್ಲಿ ಬೀಳಿಸುವುದು ಆ ನುಣುಪೇ. ಹತ್ತು ದಿನ ಗೋಣಿ ಹೊದಿಸಿ ನೀರು ಹಾಕಿ. ಅಂಚಿನಲ್ಲಿ ಮೂರು ಇಂಚು ಎತ್ತರದ ಕಟ್ಟೆ ಇದ್ದರೆ ಬಿಳಿಕೋಲಿಗೆ ಸಿಗುತ್ತದೆ, ಚಕ್ರವೂ ಮಣ್ಣಿಗೆ ಇಳಿಯುವುದಿಲ್ಲ. ಆ ಕಟ್ಟೆಗೆ ಹಳದಿ ಬಣ್ಣ ಬಳಿಯಿರಿ. ಇಳಿಜಾರಿನ ತಗ್ಗಿನ ಬದಿಯಲ್ಲಿ ನೀರು ಹೊರಹೋಗಲು ಅಲ್ಲಲ್ಲಿ ಸಂದು ಬಿಡುವುದನ್ನು ಮರೆಯಬೇಡಿ.

ಇನ್ನು ನೆಲದಿಂದ ಎತ್ತರಿಸಿ ಕಟ್ಟುವ ಪಾತಿಗಳು. ಹೆಚ್ಚು ಯೋಚನೆ ಬೇಕಾಗಿರುವುದು ಇಲ್ಲಿ, ಹೆಚ್ಚು ತಪ್ಪುಗಳಾಗುವುದೂ ಇಲ್ಲೇ. ಒಂದೇ ಎತ್ತರದ ಪಾತಿ ಎಲ್ಲರಿಗೂ ಆಗುವುದಿಲ್ಲ. ನಾಲ್ಕು ಬಗೆ ಬೇಕು.

ಕಟ್ಟೆಯ ಮೇಲೆ ಕೂತು ಕೆಲಸ ಮಾಡುವವರಿಗೆ ಎತ್ತರ 18 ಇಂಚು, ಕೂರುವ ಕಟ್ಟೆಯ ಅಗಲ ಒಂದು ಅಡಿ. ವೀಲ್‌ಚೇರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಕೈ ಚಾಚುವವರಿಗೆ ಎತ್ತರ 24 ಇಂಚು. ಬೆನ್ನು ಬಗ್ಗಿಸಲಾಗದೆ ನಿಂತೇ ಕೆಲಸ ಮಾಡುವವರಿಗೆ 34ರಿಂದ 36 ಇಂಚು. ನಾಲ್ಕನೆಯದು ಮೇಜಿನ ಪಾತಿ, ಕಾಲನ್ನು ಅಡಿಯಲ್ಲಿ ಸೇರಿಸಿ ನೇರ ಎದುರು ಕೂರುವುದಕ್ಕೆ. ಕೂತವರ ಕೈ ಆರಾಮವಾಗಿ ಎಟುಕುವುದು ಎರಡು ಅಡಿ. ಆದ್ದರಿಂದ ಒಂದೇ ಕಡೆಯಿಂದ ಮುಟ್ಟುವ ಪಾತಿ 2 ಅಡಿ, ಎರಡೂ ಕಡೆಯಿಂದಾದರೆ 4 ಅಡಿ. ಗೋಡೆಯ ದಪ್ಪವೂ ಈ ಲೆಕ್ಕದೊಳಗೇ ಬರಬೇಕು. 6 ಇಂಚಿನ ಸಾಲಿಡ್ ಬ್ಲಾಕಿನಲ್ಲಿ ಕಟ್ಟಿದರೆ 4 ಅಡಿಯ ಪಾತಿಯಲ್ಲಿ ಮಣ್ಣು ಸಿಗುವುದು 3 ಅಡಿಯೇ. ಮಣ್ಣೇ ನಾಲ್ಕು ಅಡಿ ಬೇಕು ಅಂತ ಹೊರಗೆ ಐದು ಅಡಿ ಕಟ್ಟಿಬಿಟ್ಟರೆ ನಡುವಿನ ಸಾಲು ಯಾರ ಕೈಗೂ ಸಿಗದೆ ಕಳೆ ತುಂಬುತ್ತದೆ.

ಮೇಜಿನ ಪಾತಿಯ ಲೆಕ್ಕ ಬಿಗಿಯಾದದ್ದು. ಮಂಡಿಗೆ ನೆಲದಿಂದ 27 ಇಂಚು ಖಾಲಿ ಬೇಕು. ಮೇಲಿನ ಅಂಚು 34 ಇಂಚು ದಾಟಿದರೆ ಕೂತವರ ಭುಜ ನೋಯುತ್ತದೆ. ತಳದ ತಗಡಿಗೆ ಒಂದು ಇಂಚು ಕಳೆದರೆ ಮಣ್ಣಿಗೆ ಉಳಿಯುವುದು 6 ಇಂಚು ಮಾತ್ರ. 200 ಲೀಟರಿನ ನೀಲಿ ಡ್ರಮ್ಮನ್ನು ಉದ್ದಕ್ಕೆ ಸೀಳಿ ಸ್ಟ್ಯಾಂಡ್ ಮೇಲೆ ಇಡುವುದು ಅಗ್ಗದ ದಾರಿ ಅಂತ ಬಹಳ ಮಂದಿ ಮಾಡುತ್ತಾರೆ. ಆ ಅರ್ಧ ಡ್ರಮ್ಮಿನ ಆಳ 11 ಇಂಚಿನ ಮೇಲಿರುತ್ತದೆ, ಮಂಡಿ ಅದಕ್ಕೆ ಬಡಿಯುತ್ತದೆ. ನಿಂತು ಕೆಲಸ ಮಾಡುವವರಿಗೆ ಡ್ರಮ್ಮು ಒಳ್ಳೆಯದೇ, ವೀಲ್‌ಚೇರಿಗೆ ಚಪ್ಪಟೆ ಟ್ರೇಯೇ ಆಗಬೇಕು. 4×2 ಅಡಿಯ 6 ಇಂಚು ಆಳದ ಟ್ರೇಯಲ್ಲಿ ಒದ್ದೆ ಮಣ್ಣು 150 ಕೆಜಿಯ ಆಸುಪಾಸು ತೂಗುತ್ತದೆ, ವೆಲ್ಡಿಂಗ್ ಅಂಗಡಿಯವರಿಗೆ ಇದನ್ನು ಹೇಳಿ ಒಂದೂವರೆ ಇಂಚಿನ ಆ್ಯಂಗಲ್‌ನಲ್ಲಿ ಮಾಡಿಸಿ. ಆರು ಇಂಚಿನಲ್ಲಿ ಮೆಂತ್ಯ, ಕೊತ್ತಂಬರಿ, ಪುದೀನ, ದೊಡ್ಡಪತ್ರೆ ಚೆನ್ನಾಗಿ ಬರುತ್ತವೆ. ಬದನೆ, ಟೊಮೇಟೊ ಹಾಕಿ ಬೇಸರಪಡಬೇಡಿ. ಮಾರ್ಚ್, ಏಪ್ರಿಲ್‌ನಲ್ಲಿ ಈ ಟ್ರೇಗಳಿಗೆ ಎರಡು ಹೊತ್ತು ನೀರು ಬೇಕು.

11×4 ಅಡಿ ಹೊರ ಅಳತೆಯ, 24 ಇಂಚು ಎತ್ತರದ ಒಂದು ಪಾತಿಗೆ 60 ಘನ ಅಡಿ ಮಣ್ಣು ಹಿಡಿಯುತ್ತದೆ. ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್, ಒಂದು ಪಾಲು ತೆಂಗಿನ ನಾರಿನ ಪುಡಿ. ಗೊಬ್ಬರ ಹಸಿಯಿದ್ದರೆ ಬೇರು ಸುಡುತ್ತದೆ, ಗೊಣ್ಣೆಹುಳವೂ ಅದರ ಜೊತೆ ಬರುತ್ತದೆ. ತಳದಲ್ಲಿ ಜಲ್ಲಿ ಹಾಸಿದರೆ ನೀರು ಬಸಿಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ, ಅದು ತಪ್ಪು. ನುಣ್ಣನೆಯ ಮಣ್ಣಿನಿಂದ ನೀರು ದಪ್ಪ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ, ಜಲ್ಲಿಯ ಮೇಲೆಯೇ ಮಣ್ಣು ಜವುಗಾಗಿ ನಿಲ್ಲುತ್ತದೆ. ತಳವನ್ನು ನೆಲಕ್ಕೆ ತೆರೆದಿಟ್ಟು, ಗೋಡೆಯ ಬುಡದಲ್ಲಿ ಎರಡೆರಡು ಅಡಿಗೆ ಒಂದು ಇಂಚಿನ ಪೈಪಿನ ತುಂಡು ಕೂರಿಸಿ ಒಳಬಾಯಿಗೆ ಸೊಳ್ಳೆ ಜಾಲರಿ ಕಟ್ಟಿ. ಆ ಪೈಪಿನ ಹೊರಬಾಯಿ ಹಾದಿಯ ಕಡೆ ಇರಬಾರದು, ನೀರು ಸೋರಿದ ಕಡೆ ಪಾಚಿ ಕಟ್ಟುತ್ತದೆ.

ಈಗ ಮನಸ್ಸಿನ ಮಾತು. 1984ರಲ್ಲಿ ಸಂಶೋಧಕ ರೋಜರ್ ಉಲ್ರಿಚ್ ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರ ಹಳೆಯ ದಾಖಲೆಗಳನ್ನು ಹೋಲಿಸಿ ನೋಡಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳಲ್ಲಿ ಅರ್ಧದಷ್ಟು ಮಂದಿಯ ಕಿಟಕಿಯಿಂದ ಮರ ಕಾಣುತ್ತಿತ್ತು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಜೋರಾದ ನೋವಿನ ಔಷಧಿ ಅವರಿಗೆ ಕಡಿಮೆ ಬೇಕಾಯಿತು. ದಣಿದ ಗಮನ ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದನ್ನು ವಿವರಿಸಿದವರು ಮನಶ್ಶಾಸ್ತ್ರಜ್ಞ ದಂಪತಿ ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲನ್. ದಿನನಿತ್ಯದ ಗೋಜಲಿನಿಂದ ದೂರವಾದ ಭಾವ, ಒಳಹೊಕ್ಕಷ್ಟೂ ಇನ್ನೂ ಇದೆ ಅನ್ನಿಸುವ ವಿಸ್ತಾರ, ಪ್ರಯಾಸವಿಲ್ಲದೆ ಕಣ್ಣು ಸೆಳೆಯುವ ಸಂಗತಿಗಳು, ಬಂದವರ ಇಚ್ಛೆಗೆ ಹೊಂದುವ ಜಾಗ, ಈ ನಾಲ್ಕು ಬೇಕು ಅಂದರು. ನಾಲ್ಕನೆಯದನ್ನು ನಾವು ಇನ್ನೂ ಗಟ್ಟಿಯಾಗಿ ಹೇಳುತ್ತೇವೆ. ಜಾಗ ದೇಹಕ್ಕೇ ಹೊಂದದಿದ್ದರೆ ಮಿಕ್ಕ ಮೂರಕ್ಕೆ ದಾರಿಯೇ ಇಲ್ಲ.

ಎರಡು ಸೈಟಿನ ಜಾಗದಲ್ಲಿ ವಿಸ್ತಾರ ತರುವುದು ಹೇಗೆ? ಗೇಟಿನಲ್ಲಿ ನಿಂತರೆ ಇಡೀ ತೋಟ ಒಮ್ಮೆಗೇ ಕಾಣದ ಹಾಗೆ ಹಾದಿಯನ್ನು ಒಂದು ಕಡೆ ಬಾಗಿಸಿ, ತಿರುವಿನಲ್ಲಿ ಸೊಂಟದೆತ್ತರದ ಮಲ್ಲಿಗೆ ಪೊದೆ ಇಡಿ. ಸೊಂಟಕ್ಕಿಂತ ಎತ್ತರ ಬೇಡ. ಮರೆ ಹೆಚ್ಚಾದ ಕಡೆ ಹೆಣ್ಣುಮಕ್ಕಳು ಒಬ್ಬರೇ ಕೂರುವುದಿಲ್ಲ. ಬೆಂಚಿನ ಬೆನ್ನಿಗೆ ಗೋಡೆಯೋ ಬೇಲಿಯೋ ಇರಲಿ, ಎದುರಿಗೆ ತೋಟವೂ ಗೇಟೂ ಕಾಣಲಿ. ಎತ್ತರ 18 ಇಂಚು, ಒರಗಲು ಬೆನ್ನು, ಕೈಯೂರಿ ಏಳಲು ಕೂರುವ ಮಟ್ಟದಿಂದ ಏಳೆಂಟು ಇಂಚು ಮೇಲೆ ಹಿಡಿ. ಪಾರ್ಕಿನಲ್ಲಿ ಈಗಾಗಲೇ ಇರುವ ಕಲ್ಲುಬೆಂಚನ್ನು ಬಿಸಾಡಬೇಕಿಲ್ಲ, ಎರಡು ತುದಿಗೆ ಜಿಐ ಪೈಪು ಬಗ್ಗಿಸಿ ನೆಲದಲ್ಲಿ ಹುಗಿದರೆ ಹಿಡಿ ಸಿಕ್ಕಿತು. ಪ್ರತಿ ಬೆಂಚಿನ ಪಕ್ಕ 3×4 ಅಡಿ ಕಾಂಕ್ರೀಟ್ ಜಾಗ ಬಿಡಿ, ವೀಲ್‌ಚೇರಿನವರು ಎದುರಿಗಲ್ಲ, ಜೊತೆಗೆ ಕೂರಬೇಕು. ವಯಸ್ಸಾದವರಿಗೆ 40, 50 ಅಡಿಗೊಂದು ಬೆಂಚು ಬೇಕು. ಒಂದು ಕಡೆ ಬೆಂಚುಗಳನ್ನು ಅರ್ಧವೃತ್ತವಾಗಿ ಹಾಕಿ, ಕಿವಿ ಕೇಳದವರಿಗೆ ಎಲ್ಲರ ಮುಖವೂ ಕೈಯೂ ಕಾಣಬೇಕು. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇರುವ ಊರು ಇದನ್ನು ಮರೆಯಬಾರದು. ಗಿಡದ ಹೆಸರುಗಳನ್ನು ದಪ್ಪ ಕನ್ನಡದಲ್ಲೂ ಭಾರತಿ ಬ್ರೈಲಿನಲ್ಲೂ ಬರೆಸಿ, 3 ಅಡಿ ಎತ್ತರದಲ್ಲಿ ಓರೆಯಾಗಿ ನಿಲ್ಲಿಸಿ. ಲೋಹದ ಫಲಕ ಬಿಸಿಲಿನಲ್ಲಿದ್ದರೆ ಓದುವ ಬೆರಳು ಸುಡುತ್ತದೆ, ನೆರಳಿಗೆ ಹಾಕಿ.

ನೆರಳಿಗೆ ಹೊಂಗೆ, ಸಂಪಿಗೆ, ಬೇವು. ಗುಲ್‌ಮೊಹರ್ ಬೇಡ, ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಕೊಂಬೆ ಮುರಿಯುತ್ತದೆ, ಮೇಲುಬೇರು ಹಾದಿ ಎತ್ತುತ್ತದೆ. ನೇರಳೆ, ಕಾಡುಬಾದಾಮಿ ಹಾದಿಯಿಂದ ದೂರವಿರಲಿ, ಉದುರಿದ ಹಣ್ಣು ಕಾಲಡಿಗೆ ಗೋಲಿಯಾಗುತ್ತದೆ. ಕಣಗಿಲೆಯ ಎರಡೂ ಬಗೆ, ಉಮ್ಮತ್ತಿ, ಹರಳು, ಗುಲಗಂಜಿ ಎಷ್ಟೇ ಪೂಜೆಗೆ ಬೇಕಾದರೂ ಇಲ್ಲಿ ನೆಡಬೇಡಿ. ಮಕ್ಕಳೂ ಮರೆವಿನವರೂ ಬಾಯಿಗೆ ಹಾಕಿಕೊಂಡರೆ ಪ್ರಾಣಕ್ಕೆ ಕುತ್ತು. ಬೂಗನ್‌ವಿಲ್ಲಾ ಮುಳ್ಳು ಕಣ್ಣು ಕಾಣದವರ ಕೈಗೆ ಚುಚ್ಚುತ್ತದೆ. ಕಾಂಗ್ರೆಸ್ ಹುಲ್ಲನ್ನು ಹೂ ಬಿಡುವ ಮೊದಲೇ ಕೀಳಬೇಕು, ಕೀಳುವವರು ಕೈಗವಸು ಹಾಕಿಕೊಳ್ಳಬೇಕು.

ವಾಸನೆ ಎಂಬುದು ಈ ಊರಿನ ಆಸ್ತಿ. ಮೈಸೂರು ಮಲ್ಲಿಗೆಯನ್ನು ಕೂತವರ ಮೂಗಿನ ಮಟ್ಟಕ್ಕೆ, 24 ಇಂಚಿನ ಪಾತಿಯ ತುದಿಗೆ ನೆಡಿ. ದವನ, ಮರುಗ, ಕಾಮಕಸ್ತೂರಿ, ಮಜ್ಜಿಗೆ ಹುಲ್ಲು ಇವು ಸವರಿದರೆ ಮಾತ್ರ ಪರಿಮಳ ಬಿಡುವಂಥವು, ಹಾದಿಯ ಅಂಚಿಗೆ ಇವೇ ಸರಿ. ಪಾರಿಜಾತ ಬೆಳಗಿನ ವಾಕಿಂಗಿನವರಿಗೆ. ಎಲ್ಲವನ್ನೂ ಒಂದೇ ಕಡೆ ತುರುಕಿದರೆ ತಲೆನೋವು ಬರುತ್ತದೆ, ಪರಿಮಳವಿಲ್ಲದ ಒಂದು ಮೂಲೆಯನ್ನೂ ಬಿಡಿ. ಒಂದು ಕರಿಬೇವು ಇದ್ದರೆ ನಿಂಬೆ ಚಿಟ್ಟೆ ಮೊಟ್ಟೆಯಿಡುತ್ತದೆ, ಎಲೆ ತಿಂದ ಹುಳವನ್ನು ಕೊಲ್ಲಬೇಡಿ ಅಂತ ಒಂದು ಫಲಕ ಹಾಕಿ. ದಾಸವಾಳಕ್ಕೆ ಸೂರಕ್ಕಿ ಬರುತ್ತದೆ. ಕ್ಯಾಪ್ಲನ್ ದಂಪತಿ ಹೇಳಿದ, ಪ್ರಯಾಸವಿಲ್ಲದೆ ಕಣ್ಣು ಸೆಳೆಯುವುದು ಎಂದರೆ ಇದೇ.

ಬೆಳೆಯಲ್ಲಿ ಬೇಗ ಕೈಗೆ ಬರುವುದನ್ನು ಮೊದಲು ಹಾಕಿ. ಮೆಂತ್ಯ 25, 30 ದಿನಕ್ಕೆ ಸಾರಿಗೆ ಸಿಗುತ್ತದೆ. ದಂಟು, ಕೀರೆ, ಚಕ್ಕೋತ, ಸಬ್ಬಸಿಗೆ ಸೇರಿದರೆ ವಾರಕ್ಕೊಂದು ಮಸೊಪ್ಪಿಗೆ, ಬಸ್ಸಾರಿಗೆ ಆಯಿತು. ಕೈ ನಡುಗುವವರಿಗೆ ಅವರೆ, ಅಲಸಂದೆ, ಬೀನ್ಸ್ ಬೀಜ ಕೊಡಿ, ಬೆರಳಿಗೆ ಸಿಗುತ್ತವೆ. ದಂಟಿನಂಥ ಸಣ್ಣ ಬೀಜವಾದರೆ ಹತ್ತು ಪಾಲು ಒಣ ಮರಳಿನಲ್ಲಿ ಬೆರೆಸಿ ಎರಚಲು ಕೊಡಿ. ಈರನಗೆರೆ ಬದನೆಗೆ ಆಳವಾದ ಪಾತಿ ಮೀಸಲಿಡಿ. ಕುರುಪಿಯ ಹಿಡಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿ ಒಂದೂವರೆ ಇಂಚು ದಪ್ಪ ಮಾಡಿದರೆ ಬೆರಳ ಗಂಟು ನೋವಿರುವವರಿಗೂ ಹಿಡಿತ ಸಿಗುತ್ತದೆ. ನೀರಿನ ಕ್ಯಾನು 2 ಲೀಟರಿನದು ಸಾಕು. ನಲ್ಲಿಗಳು ಸನ್ನೆಕೋಲಿನಂತೆ ತಿರುಗುವಂಥವು, ನೆಲದಿಂದ 3 ಅಡಿ ಎತ್ತರದಲ್ಲಿ.

ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ, ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್ ಅಕ್ಟೋಬರಿನಲ್ಲೊಮ್ಮೆ ಜೋರು. 20 ಚದರ ಮೀಟರಿನ ಶೆಡ್ಡಿನ ತಗಡಿನಿಂದಲೇ ವರ್ಷಕ್ಕೆ 12,000 ಲೀಟರಿನ ಮೇಲೆ ಹಿಡಿಯಬಹುದು. ಟ್ಯಾಂಕು ಎತ್ತರದಲ್ಲಿಟ್ಟು ಡ್ರಿಪ್ ಹಾಕುವುದಾದರೆ ಸಾದಾ ಡ್ರಿಪ್ಪರ್ ತೆಗೆದುಕೊಳ್ಳಿ, ಒತ್ತಡ ಸರಿದೂಗಿಸುವ ಬಗೆಯವು ಬರೀ ಟ್ಯಾಂಕಿನ ಎತ್ತರದ ಒತ್ತಡಕ್ಕೆ ಸರಿಯಾಗಿ ತೆರೆಯುವುದಿಲ್ಲ. ಹಕ್ಕಿಗಳ ನೀರಿನ ತಟ್ಟೆಯನ್ನು ವಾರಕ್ಕೊಮ್ಮೆ ಚೆಲ್ಲಿದರೆ ಸಾಲದು, ಒಳಗೋಡೆ ತಿಕ್ಕಬೇಕು. ಡೆಂಗಿ ಸೊಳ್ಳೆಯ ಮೊಟ್ಟೆ ಅಂಚಿಗೆ ಅಂಟಿಕೊಂಡು ಒಣಗಿದರೂ ಬದುಕಿರುತ್ತದೆ. ಶೌಚಾಲಯ ಹತ್ತಿರವಿಲ್ಲದಿದ್ದರೆ ವಯಸ್ಸಾದವರು ಬರುವುದಿಲ್ಲ, ಬಂದರೂ ನೀರು ಕುಡಿಯದೆ ಬರುತ್ತಾರೆ. ಬಜೆಟ್ಟಿನಲ್ಲಿ ಇದನ್ನು ಕೊನೆಗೆ ತಳ್ಳಬೇಡಿ.

ಕಟ್ಟಿ ಮುಗಿದ ಮೇಲಿನ ಕೆಲಸ ಸಣ್ಣದು, ತಪ್ಪಿಸುವ ಹಾಗಿಲ್ಲ. ಆಗಸ್ಟ್‌ನಿಂದ ನವೆಂಬರ್‌ವರೆಗೆ ನೆರಳಿನ ಹಾದಿಯಲ್ಲಿ ಪಾಚಿ ಕಟ್ಟುತ್ತದೆ, ಹದಿನೈದು ದಿನಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಬ್ರಷ್‌ನಲ್ಲಿ ಉಜ್ಜಿ, ಆ ನೀರು ಪಾತಿಗೆ ಹರಿಯದ ಹಾಗೆ ನೋಡಿಕೊಳ್ಳಿ. ಪಾತಿಯ ಮಣ್ಣು ಮೊದಲ ವರ್ಷವೇ ಮೂರು ನಾಲ್ಕು ಇಂಚು ಕುಸಿಯುತ್ತದೆ. ಖರ್ಚು ಉಳಿಸಲು ತಳಕ್ಕೆ ತರಗೆಲೆ, ತೆಂಗಿನ ಸಿಪ್ಪೆ ತುಂಬಿದ್ದರೆ ಇನ್ನೂ ಹೆಚ್ಚು. ನಿಂತು ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ವೀಲ್‌ಚೇರಿನಿಂದ ಕೈ ಚಾಚುವವರಿಗೆ ಮಾತ್ರ ಗೋಡೆ ಕಂಕುಳಿಗೆ ಒತ್ತಿ, ಮಣ್ಣು ಬೆರಳ ತುದಿಯಿಂದ ನಾಲ್ಕು ಇಂಚು ಕೆಳಗೆ ಹೋಗಿರುತ್ತದೆ. ಯುಗಾದಿ ಕಳೆದು ಮೇ ಮಳೆ ಹಿಡಿಯುವ ಮೊದಲು ಪ್ರತಿ ಪಾತಿಯಲ್ಲೂ ಅಂಚಿನಿಂದ ಮಣ್ಣಿಗೆ ಅಳತೆ ಪಟ್ಟಿ ಹಿಡಿದು ನೋಡಿ, ಎರಡು ಇಂಚಿಗಿಂತ ಕೆಳಗಿದ್ದರೆ ಕಾಂಪೋಸ್ಟ್ ತುಂಬಿ.